ಹೇವೀಜ್ ಬಿಸಿನೀರಿನ ಕೆರೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಂಗೇರಿಯ ಹೇವೀಜ್ ಕೆರೆಯ ಬಗ್ಗೆ ಹುಬ್ಬಳ್ಳಿ-ಧಾರವಾಡದ ಗೆಳೆಯರು, ಗದಗ-ಹಾವೇರಿಯ ಬೀಗರು, ಬೆಳಗಿನ ವಾಕಿಂಗ್ ಜೊತೆಗಾರರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಮೊದಲ ಮಾತು

ಹೇವೀಜ್ ಅಂದ್ರ ಏನ್ರಿ? ಸ್ವಿಮ್ಮಿಂಗ್ ಪೂಲೋ, ಕೆರಿಯೋ?

ಕೆರೆಯೇ. ಹಂಗೇರಿಯ ಪಶ್ಚಿಮ ಭಾಗದಲ್ಲಿ ಬಾಲಟಾನ್ ಎಂಬ ದೊಡ್ಡ ಸರೋವರ ಇದೆ. ಅದರ ಪಶ್ಚಿಮ ತುದಿಯಿಂದ ಸ್ವಲ್ಪವೇ ದೂರದಲ್ಲಿ ಈ ಕೆರೆ. ವಿಸ್ತೀರ್ಣ ಸುಮಾರು 4.4 ಹೆಕ್ಟೇರ್, ಅಂದರೆ ಹನ್ನೊಂದು ಎಕರೆಗೂ ಚೂರು ಕಡಿಮೆ. ಉಣಕಲ್ ಕೆರೆ ನೋಡಿದ ಕಣ್ಣಿಗೆ ಇದು ತೀರಾ ಸಣ್ಣದು. ಆದರೆ ಅಷ್ಟೂ ನೀರು ತಾನಾಗಿಯೇ ಬೆಚ್ಚಗಿರುತ್ತದೆ. ಯಾರೂ ಕಾಯಿಸಿದ್ದಲ್ಲ. ಕೆರೆಯ ನಡುವೆ ಕಂಬಗಳ ಮೇಲೆ ನಿಂತ ಸ್ನಾನಗೃಹ ಇದೆ, ಸುತ್ತಲೂ ಕಾಡು ಬೆಳೆಸಿದ್ದಾರೆ. ಈಜಬಹುದಾದ ಸಹಜ ಬಿಸಿನೀರಿನ ಕೆರೆಗಳಲ್ಲಿ ಜಗತ್ತಿನಲ್ಲೇ ತಮ್ಮದು ದೊಡ್ಡದು ಎಂದು ಊರಿನವರು ಹೆಮ್ಮೆಪಡುತ್ತಾರೆ. 1795ರಲ್ಲಿ ಫೆಸ್ಟೆಟಿಚ್ ಎಂಬ ಶ್ರೀಮಂತ ಮನೆತನದ ಕೌಂಟ್ ಇಲ್ಲಿ ಸ್ನಾನದ ವ್ಯವಸ್ಥೆ ಮಾಡಿಸಿದರು. ಆವತ್ತಿನಿಂದ ಜನ ಬರುತ್ತಲೇ ಇದ್ದಾರೆ.

ನಮ್ಮಲ್ಲೇ ಬಿಸಿಲಿಗೆ ಮೈ ಬೇಯ್ತೈತಿ. ಮತ್ತ ಬಿಸಿನೀರು ಹುಡ್ಕೊಂಡು ಅಷ್ಟು ದೂರ ಯಾಕ ಹೋಗ್ಬೇಕು?

ಅದಕ್ಕೆಂದೇ ಹೋಗಬೇಡಿ. ಇದು ನನ್ನ ಪ್ರಾಮಾಣಿಕ ಉತ್ತರ. ಯುರೋಪಿಗೆ ಹೇಗೂ ಹೋಗುವವರಿದ್ದರೆ, ಮಗನೋ ಮಗಳೋ ವಿಯೆನ್ನಾ, ಮ್ಯೂನಿಕ್ ಕಡೆ ಇದ್ದರೆ, ಆ ಪ್ರವಾಸದಲ್ಲಿ ಮೂರು-ನಾಲ್ಕು ದಿನ ಇಲ್ಲಿಗೆ ತೆಗೆದಿಡಿ. ದಿನಕ್ಕೆ ಐದು ಜಾಗ ತೋರಿಸಿ ಬಸ್ಸಿಗೆ ಹತ್ತಿಸುವ ಪ್ಯಾಕೇಜ್ ಟೂರಿನ ನಂತರ ಈ ಕೆರೆ ಬಹಳ ಹಿಡಿಸುತ್ತದೆ. ಇಲ್ಲಿ ನೋಡುವ ಕೆಲಸ ಇಲ್ಲ, ಓಡುವ ಕೆಲಸ ಇಲ್ಲ. ಸುಮ್ನೆ ತೇಲಬೇಕು, ಮೇಲೆ ಬಂದು ಮಲಗಬೇಕು.

ನೀರು ಎಷ್ಟು ಬಿಸಿ ಇರ್ತದ? ಹಂಡೆ ನೀರಿನಷ್ಟಾ?

ಅಷ್ಟಿಲ್ಲ. ಬೇಸಿಗೆಯಲ್ಲಿ 33ರಿಂದ 36 ಡಿಗ್ರಿ. ಚಳಿಗಾಲದಲ್ಲಿ 22ರಿಂದ 25ರ ಆಸುಪಾಸು. ಹಂಡೆಯಲ್ಲಿ ಕಾದ ನೀರನ್ನು ಸುಡುಸುಡು ಹೊಯ್ದುಕೊಳ್ಳುವ ನಮ್ಮವರಿಗೆ ಜನವರಿಯ ಕೆರೆ ಬೆಚ್ಚಗೆ ಅನ್ನಿಸುವುದೇ ಇಲ್ಲ. ಹೊರಗೆ ಹಿಮ ಬಿದ್ದಿರುವಾಗ 24 ಡಿಗ್ರಿ ನೀರು ಅಲ್ಲಿಯವರಿಗೆ ಹಿತ. ಅಷ್ಟೇ ವಿಷಯ. ತೀರಾ ಚಳಿ ಅನ್ನಿಸಿದರೆ ಒಳಗಡೆ ಇನ್ನೂ ಬೆಚ್ಚಗಿನ ಕೊಳಗಳಿವೆ. ಹಿಮಾಚಲದ ಮಣಿಕರಣದಂತೆ ಅಕ್ಕಿ ಬೇಯಿಸುವ ನೀರು ಇದಲ್ಲ, ಮೈ ಸುಡುವ ಭಯ ಬೇಡ.

ಕೆಳಗ ಜ್ವಾಲಾಮುಖಿ ಐತೇನ್ರಿ? ನೀರು ಹೆಂಗ ಕಾಯ್ತದ?

ಬೆಂಕಿ ಉಗುಳುವ ಜ್ವಾಲಾಮುಖಿ ಇಲ್ಲ. ಅಕ್ಕಪಕ್ಕದ ಗುಡ್ಡಗಳಲ್ಲಿ ಸುಣ್ಣದ ಜಾತಿಯ ಕಲ್ಲು ಜಾಸ್ತಿ. ಅದರಲ್ಲಿ ಬಿರುಕು, ಪೊಟರೆ ತುಂಬಾ. ಮಳೆ ನೀರು ಆ ಬಿರುಕುಗಳಲ್ಲಿ ಇಳಿದು ಆಳಕ್ಕೆ ಹೋಗುತ್ತದೆ. ಭೂಮಿಯೊಳಗೆ ಇಳಿದಷ್ಟೂ ಕಾವು ಹೆಚ್ಚು. ಅಲ್ಲಿ ಕಾದ ನೀರು ಒತ್ತಡಕ್ಕೆ ಮತ್ತೆ ಮೇಲೆ ಬರುತ್ತದೆ.

ಕೆರೆಯ ತಳದಲ್ಲಿ, ಸುಮಾರು 38 ಮೀಟರ್ ಆಳದಲ್ಲಿ ಒಂದು ಗುಹೆ ಇದೆ. ಮುಳುಗುಗಾರರು 1975ರಲ್ಲಿ ಅದರೊಳಗೆ ಹೋಗಿ ನೋಡಿದರು. ಒಂದು ಕಡೆಯಿಂದ ಸುಮಾರು 26 ಡಿಗ್ರಿಯ ತಂಪು ನೀರು, ಇನ್ನೊಂದು ಕಡೆಯಿಂದ ಸುಮಾರು 41 ಡಿಗ್ರಿಯ ಬಿಸಿ ನೀರು. ಎರಡೂ ಗುಹೆಯಲ್ಲೇ ಬೆರೆತು ಮೇಲೇಳುತ್ತವೆ. ಸೆಕೆಂಡಿಗೆ 400 ಲೀಟರಿನಷ್ಟು ನೀರು ಬರುತ್ತದೆ. ಹಾಗಾಗಿ ಮೂರು-ನಾಲ್ಕು ದಿನದಲ್ಲಿ ಇಡೀ ಕೆರೆಯ ನೀರು ಹೊಸದಾಗುತ್ತದೆ. 'ಅಷ್ಟು ಮಂದಿ ಇಳಿದ ನೀರು ಹೊಲಸಲ್ವಾ' ಎಂದು ಕೇಳುವವರಿಗೂ ಇದೇ ಉತ್ತರ.

ಅಂಥದ್ದು ನಮ್ಮ ಧಾರವಾಡ ಕಡೆ ಯಾಕ ಇಲ್ಲ?

ನಮ್ಮ ನೆಲ ಬಹಳ ಹಳೆಯದು, ಗಟ್ಟಿಯದು. ಭೂವಿಜ್ಞಾನಿಗಳು ಧಾರವಾಡದ ಹೆಸರಿನಲ್ಲೇ ಕರೆಯುವ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನವು. ಬಿಸಿನೀರು ಮೇಲೆ ಬರಬೇಕಾದರೆ ಆಳದ ಬಿರುಕು ಬೇಕು, ನೀರು ತಿರುಗಾಡಲು ದಾರಿ ಬೇಕು. ಕೊಂಕಣದ ಪಟ್ಟಿಯಲ್ಲಿ ಅಂಥ ಬಿರುಕುಗಳಿವೆ, ಅದಕ್ಕೇ ಅಲ್ಲಿ ಸಾಲಾಗಿ ಬಿಸಿನೀರಿನ ಬುಗ್ಗೆಗಳಿವೆ. ನಮ್ಮ ಬಯಲುಸೀಮೆಗೆ ಆ ಭಾಗ್ಯ ಇಲ್ಲ. ಇಲ್ಲಿ ಬೋರ್‌ವೆಲ್‌ನಲ್ಲಿ ತಣ್ಣೀರು ಬಂದರೇ ಹಬ್ಬ.

ವೀಸಾ ಗೀಸಾ ಬ್ಯಾಡ. ಹತ್ತಿರದಾಗ ಬಿಸಿನೀರಿನ ಜಾಗ ಹೇಳ್ರಿ.

ಕರ್ನಾಟಕದಲ್ಲಾದರೆ ಪುತ್ತೂರು ತಾಲೂಕಿನ ಇರ್ದೆ ಗ್ರಾಮದ ಬೆಂದ್ರುತೀರ್ಥ. ಸೀರೆ ಹೊಳೆಯ ದಂಡೆಯಲ್ಲಿ ಕಲ್ಲು ಕಟ್ಟಿದ ಪುಟ್ಟ ಕೊಳ. ಸ್ಪಾ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ, ತೀರ್ಥ ಅಂದುಕೊಂಡು ಹೋದರೆ ಖುಷಿ ಆಗುತ್ತದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ಇನ್ನೂ ಜಾಸ್ತಿ ಇವೆ: ರಾಜಾಪುರದ ಹತ್ತಿರ ಉನ್ಹಾಳೆ, ಸಂಗಮೇಶ್ವರದ ಹತ್ತಿರ ತುರಳ ಮತ್ತು ರಾಜವಾಡಿ. ಬೆಳಗಾವಿ, ಕೊಲ್ಹಾಪುರದ ಮೇಲೆ ಹೋಗಿ ಘಟ್ಟ ಇಳಿದರೆ ಸಿಗುತ್ತವೆ. ಎಲ್ಲವೂ ಸಣ್ಣ ಕುಂಡಗಳು. ತೇಲುವಷ್ಟು ಜಾಗ ಇಲ್ಲ, ಕೂತು ಮೀಯಬಹುದು. ಮಳೆಗಾಲ ಮುಗಿದ ಮೇಲೆ ಹೋಗಿ.

## ಹೋಗುವ ಸಿದ್ಧತೆ

ಹುಬ್ಬಳ್ಳಿಯಿಂದ ಹೋಗೂದು ಹೆಂಗ?

ಭಾರತದಿಂದ ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಮುಂಬೈಗೋ ಮೊದಲು ಮುಟ್ಟಬೇಕು. ನನ್ನ ಸಲಹೆ ಏನೆಂದರೆ, ಅಂತರರಾಷ್ಟ್ರೀಯ ವಿಮಾನ ಇರುವ ದಿನವೇ ಹುಬ್ಬಳ್ಳಿ ಬಿಡಬೇಡಿ. ಹಿಂದಿನ ರಾತ್ರಿಯೇ ರೈಲೋ ಬಸ್ಸೋ ಹಿಡಿದು ಬೆಂಗಳೂರು ಸೇರಿಬಿಡಿ.

ಬುಡಾಪೆಸ್ಟಿನಿಂದ ಹೇವೀಜ್ ಸುಮಾರು 200 ಕಿ.ಮೀ. ಹೇವೀಜಿಗೆ ರೈಲು ನಿಲ್ದಾಣ ಇಲ್ಲ. ನೇರ ಬಸ್ಸಿದೆ, ಮೂರು ಗಂಟೆಯ ಹಾದಿ. ರೈಲೇ ಬೇಕೆಂದರೆ ಕೆಸ್ತ್‌ಹೇಯ್ ಎಂಬ ಪಕ್ಕದ ಊರಿಗೆ ಇಳಿದು ಅಲ್ಲಿಂದ ಸಿಟಿ ಬಸ್ಸಿನಂಥ ಬಸ್ಸು ಹಿಡಿಯಬೇಕು, ಅದು ಕಾಲು ಗಂಟೆಯ ಮಾತು. ಲಗೇಜು, ವಯಸ್ಸಾದವರು ಜೊತೆಗಿದ್ದರೆ ನೇರ ಬಸ್ಸೇ ಸುಖ. ವಿಯೆನ್ನಾದಿಂದಲೂ ದೂರ ಹೆಚ್ಚುಕಡಿಮೆ ಅಷ್ಟೇ.

ವೀಸಾ ಯಾವುದು ಬೇಕು?

ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಹಲವು ದೇಶ ಸುತ್ತುವವರು ಯಾವ ದೇಶದಲ್ಲಿ ಜಾಸ್ತಿ ದಿನ ಉಳಿಯುತ್ತಾರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮೊದಲು. ಗಡುವಿನ ತನಕ ಕಾಯಬೇಡಿ, ಬೇಸಿಗೆ ರಜೆ ಹತ್ತಿರ ಬಂದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬಿಪಿ, ಶುಗರ್ ಇದ್ದವರು ವಿಮೆಯ ಕಾಗದವನ್ನು ಪೂರ್ತಿ ಓದಿ. ಮೊದಲಿನಿಂದ ಇರುವ ಕಾಯಿಲೆಗೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ.

ಯೂರೋ ನಡೀತದಲ್ಲಾ?

ಹಂಗೇರಿಯ ಹಣ ಫೋರಿಂಟ್. ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ಅವರು ಕಟ್ಟುವ ದರ ಅವರಿಗೇ ಲಾಭ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಚಿಲ್ಲರೆ ಖರ್ಚಿಗೆ ಸ್ವಲ್ಪ ಫೋರಿಂಟ್ ಇರಲಿ.

ಯಾವ ತಿಂಗಳು ಚಲೋ?

ಸೆಪ್ಟೆಂಬರ್. ನೀರು ಇನ್ನೂ ಬೆಚ್ಚಗಿರುತ್ತದೆ, ಶಾಲೆ ಶುರುವಾಗಿ ಗದ್ದಲ ಕಡಿಮೆ ಆಗಿರುತ್ತದೆ, ಗಾಳಿ ಹಿತವಾಗಿರುತ್ತದೆ, ಕೆರೆಯಲ್ಲಿ ನೈದಿಲೆ ಹೂವೂ ಉಳಿದಿರುತ್ತವೆ. ಜುಲೈ-ಆಗಸ್ಟ್‌ನಲ್ಲಿ ಬಿಸಿಲೂ ಹೆಚ್ಚು, ಜನವೂ ಹೆಚ್ಚು, ರೂಮಿನ ಬಾಡಿಗೆಯೂ ಹೆಚ್ಚು. ಡಿಸೆಂಬರ್-ಜನವರಿಯಲ್ಲಿ ನೀರಿನ ಮೇಲೆ ದಟ್ಟ ಹಬೆ ಎದ್ದು ಎದುರಿಗೆ ತೇಲುವವರ ತಲೆ ಮಾತ್ರ ಕಾಣುತ್ತದೆ. ನೋಡಲು ಬಹಳ ಚೆಂದ. ಆದರೆ ನೀರಿನಿಂದ ಮೇಲೆದ್ದ ಆ ಅರೆ ನಿಮಿಷ ಇದೆಯಲ್ಲ, ಧಾರವಾಡದ ಚಳಿ ಏನೇನೂ ಅಲ್ಲ ಅನ್ನಿಸುತ್ತದೆ. ಕೆರೆ ವರ್ಷವಿಡೀ ತೆರೆದಿರುತ್ತದೆ.

ಬೆಳಿಗ್ಗೆ ಹೋಗಿ ಸಂಜಿಕ್ಕ ವಾಪಸ್ ಬಂದ್ರ ಸಾಲ್ತದಲ್ಲಾ?

ನೋಡಿ ಬಂದೆ ಅನ್ನಲು ಸಾಕು. ಆರಾಮಕ್ಕೆ ಸಾಲದು. ಬುಡಾಪೆಸ್ಟಿನಿಂದ ಹೋಗಿ ಬರುವುದಕ್ಕೇ ಆರು ಗಂಟೆ ಬೇಕು. ಕನಿಷ್ಠ ಎರಡು ರಾತ್ರಿ ಇಳಿದುಕೊಳ್ಳಿ. ಚಿಕಿತ್ಸೆಗೆ ಬರುವ ಜರ್ಮನ್ನರು, ಆಸ್ಟ್ರಿಯದವರು ಎರಡು-ಮೂರು ವಾರ ಇರುತ್ತಾರೆ.

## ನೀರಿಗೆ ಇಳಿಯುವಾಗ

ನನಗ ಈಜು ಬರೂದಿಲ್ಲ. ಮುಳುಗಿ ಸತ್ರ?

ಬಹಳ ಜನ ಕೇಳುವ ಪ್ರಶ್ನೆ, ಕೇಳಬೇಕಾದದ್ದೂ ಹೌದು. ಕೆರೆಯಲ್ಲಿ ಕಾಲು ಊರಲು ಆಗುವುದಿಲ್ಲ. ಸ್ನಾನಗೃಹದ ಪಕ್ಕದಲ್ಲೇ ಆಳ ಇದೆ. ನಮ್ಮ ಕಡೆ ಘಾಟಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಸೊಂಟದ ತನಕ ನಿಲ್ಲುವ ಅಭ್ಯಾಸ ಇಲ್ಲಿ ನಡೆಯದು. ಅದಕ್ಕೇ ಎಲ್ಲರೂ ಗಾಳಿ ತುಂಬಿದ ರಬ್ಬರ್ ರಿಂಗ್ ಹಾಕಿಕೊಂಡು ಇಳಿಯುತ್ತಾರೆ. ಅಲ್ಲೇ ಬಾಡಿಗೆಗೆ ಸಿಗುತ್ತದೆ. ಈಜು ಬಲ್ಲವರೂ ರಿಂಗ್ ಬಿಡುವುದಿಲ್ಲ, ಯಾಕೆಂದರೆ ಇಲ್ಲಿ ಕೈಕಾಲು ಬಡಿದು ಈಜುವುದು ಒಳ್ಳೆಯದಲ್ಲ. ಅಲ್ಲಲ್ಲಿ ನೀರೊಳಗೆ ಹಿಡಿದುಕೊಳ್ಳಲು ಮರದ ಅಡ್ಡಪಟ್ಟಿಗಳಿವೆ. ರಿಂಗ್ ಹಾಕಿಕೊಂಡು ಏಣಿಯ ಹತ್ತಿರ ಇರಿ, ಧೈರ್ಯ ಬಂದ ಮೇಲೆ ಮುಂದೆ ಹೋಗಿ. ಅಲ್ಲಿ ಎಂಬತ್ತು ದಾಟಿದ ಅಜ್ಜಿಯರು ರಿಂಗಿನಲ್ಲಿ ಕೂತು ಹರಟೆ ಹೊಡೆಯುತ್ತಿರುತ್ತಾರೆ.

ಸೀರಿ ಉಟ್ಕೊಂಡು ಇಳೀಬಹುದೇನ್ರಿ?

ಇಲ್ಲ. ಸೀರೆ, ಚೂಡಿದಾರ, ಹತ್ತಿಯ ಟೀ ಶರ್ಟ್ ಯಾವುದೂ ನಡೆಯುವುದಿಲ್ಲ. ಆಳದ ನೀರಿನಲ್ಲಿ ಸೀರೆ ಕಾಲಿಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ಈಜುಡುಗೆಯೇ ಬೇಕು. ಮೈ ತುಂಬ ಮುಚ್ಚುವಂಥ, ತೋಳು ಮತ್ತು ಮೊಣಕಾಲು ತನಕ ಬರುವ ಈಜುಡುಗೆಗಳು ಹುಬ್ಬಳ್ಳಿಯ ಸ್ಪೋರ್ಟ್ಸ್ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಇಲ್ಲಿಂದಲೇ ಕೊಂಡೊಯ್ಯಿರಿ. ಗಂಡಸರಿಗೂ ಅಷ್ಟೇ, ಬರ್ಮುಡಾ ಚಡ್ಡಿ ಅಲ್ಲ, ಈಜುವ ಚಡ್ಡಿ. ಜೊತೆಗೆ ಟವೆಲ್, ಜಾರದ ಚಪ್ಪಲಿ, ಹೊದೆಯಲು ಒಂದು ದಪ್ಪ ಬಟ್ಟೆ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳು ಮೆಲ್ಲಗೆ ಕೇಳುತ್ತಾರೆ: ಯಾರಾದರೂ ದಿಟ್ಟಿಸುತ್ತಾರಾ? ಯಾರೂ ನೋಡುವುದಿಲ್ಲ. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಹಿರಿಯರು. ಎಲ್ಲರಿಗೂ ಅವರವರ ಸೊಂಟದ್ದೇ ಚಿಂತೆ.

ಕಾಲುಂಗುರ, ತಾಳಿ ತೆಗೀಬೇಕಾ?

ಬೆಳ್ಳಿಯದ್ದನ್ನು ತೆಗೆದಿಡಿ. ನೀರಿನಲ್ಲಿ ಗಂಧಕದ ಅಂಶ ಇದೆ, ಅದು ಬೆಳ್ಳಿಗೆ ತಾಗಿದರೆ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ, ಉಡಿದಾರ, ಬೆಳ್ಳಿಯ ಲಿಂಗದ ಕರಡಿಗೆ ಎಲ್ಲಕ್ಕೂ ಇದೇ ಮಾತು. ಕೊರಳಲ್ಲಿ ಕರಡಿಗೆ ಇರಲೇಬೇಕು ಅನ್ನುವವರು ಪ್ಲಾಸ್ಟಿಕ್ ಹೊದಿಕೆಯಲ್ಲಿ ಗಟ್ಟಿ ಕಟ್ಟಿಕೊಳ್ಳಲಿ. ಕಪ್ಪಾದರೂ ಗಾಬರಿ ಬೇಡ, ಪತ್ತಾರರ ಹತ್ತಿರ ಪಾಲಿಶ್ ಮಾಡಿಸಿದರೆ ಹೋಗುತ್ತದೆ. ಚಿನ್ನಕ್ಕೆ ಹಾಗೆ ಆಗುವುದಿಲ್ಲ, ಆದರೆ ಸಡಿಲ ಉಂಗುರ ಜಾರಿ ಬಿದ್ದರೆ 38 ಮೀಟರ್ ಕೆಳಗೆ ಹುಡುಕುವವರು ಯಾರು?

ಕೊಳೆತ ತತ್ತಿ ವಾಸನಿ ಬರ್ತದಂತ?

ಸ್ವಲ್ಪ ಬರುತ್ತದೆ, ಗಂಧಕದ್ದು. ಹತ್ತು ನಿಮಿಷದಲ್ಲಿ ಮೂಗಿಗೆ ರೂಢಿ ಆಗುತ್ತದೆ.

ಎಷ್ಟು ಹೊತ್ತು ನೀರಾಗ ಇರಬೇಕು? ರೊಕ್ಕ ಕೊಟ್ಟೇವಿ, ಪೂರ್ತಿ ದಿನ ಇರ್ತೇವಿ.

ನಮ್ಮವರು ಎಡವುವುದೇ ಇಲ್ಲಿ. ಒಂದು ಸಲಕ್ಕೆ ಅರ್ಧ ಗಂಟೆ. ಮೊದಲ ದಿನ ಅದಕ್ಕೂ ಕಡಿಮೆ ಇರಲಿ. ಮೇಲೆ ಬಂದು ಮೈ ಒರೆಸಿಕೊಂಡು, ಹೊದ್ದುಕೊಂಡು, ಕನಿಷ್ಠ ಅರ್ಧ ಗಂಟೆ ಮಲಗಿ. ನೀರು ಕುಡಿಯಿರಿ. ಬೇಕಿದ್ದರೆ ಮತ್ತೆ ಇಳಿಯಿರಿ. ದಿನಕ್ಕೆ ಎಲ್ಲ ಸೇರಿ ಒಂದೂವರೆ ಗಂಟೆ ದಾಟಬಾರದು.

ಯಾಕೆ ಈ ಲೆಕ್ಕ? ಬೆಚ್ಚಗಿನ ನೀರಿನಲ್ಲಿ ರಕ್ತನಾಳ ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ, ಹೃದಯ ಜಾಸ್ತಿ ದುಡಿಯುತ್ತದೆ. ಒಳಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಎದ್ದು ಏಣಿ ಹತ್ತುವಾಗ ತಲೆ ಗಿರ್ ಅನ್ನುತ್ತದೆ. ಟಿಕೆಟ್ಟೂ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ, ಮೂರು ಗಂಟೆಯದ್ದು ತೆಗೆದುಕೊಂಡರೆ ಬೇಕಾದಷ್ಟಾಯಿತು. ಸಮಯ ಮೀರಿದರೆ ಹೆಚ್ಚಿಗೆ ಹಣ ಕಟ್ಟಬೇಕು.

ಸಾಬೂನು, ಎಣ್ಣಿ?

ಬೇಡವೇ ಬೇಡ. ಇಳಿಯುವ ಮೊದಲು ಷವರ್ ಕೆಳಗೆ ಮೈ ತೊಳೆದುಕೊಳ್ಳಿ. ಎಣ್ಣೆ ಹಚ್ಚಿಕೊಂಡು ಕೆರೆಗೆ ಇಳಿಯುವುದು, ಕೆರೆಯಲ್ಲಿ ಬಟ್ಟೆ ಹಿಂಡುವುದು ದಯವಿಟ್ಟು ಮಾಡಬೇಡಿ.

ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಕರೆದುಕೊಂಡು ಹೋಗಬಹುದು, ಆದರೆ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಜಾಗ ಅಲ್ಲ. ಆಳ ಜಾಸ್ತಿ, ನೀರೂ ಔಷಧಿಯ ನೀರು, ಗದ್ದಲ ಮಾಡಿದರೆ ಹಿರಿಯರು ಕೆಂಗಣ್ಣು ಬಿಡುತ್ತಾರೆ. ಮಕ್ಕಳಿದ್ದರೆ ಒಬ್ಬರು ಕೆರೆಗೆ ಹೋಗಿ, ಇನ್ನೊಬ್ಬರು ಅವರನ್ನು ಬಾಲಟಾನ್ ದಂಡೆಗೆ ಕರೆದೊಯ್ಯಲಿ. ಅಲ್ಲಿ ನೀರು ಬಹಳ ದೂರದ ತನಕ ಮೊಣಕಾಲುದ್ದ ಇರುವ ಜಾಗಗಳಿವೆ. ಕೆಸ್ತ್‌ಹೇಯ್‌ನ ಫೆಸ್ಟೆಟಿಚ್ ಅರಮನೆಯೂ ಹತ್ತಿರವೇ. ತಪೋಲ್ಸಾ ಎಂಬ ಊರಿನಲ್ಲಿ ನೆಲದೊಳಗಿನ ಗುಹೆಯಲ್ಲಿ ದೋಣಿ ನಡೆಸಬಹುದು, ಮಕ್ಕಳು ಅದನ್ನೇ ಜಾಸ್ತಿ ಇಷ್ಟಪಡುತ್ತಾರೆ.

ನಾವು ಪಕ್ಕಾ ವೆಜಿಟೇರಿಯನ್. ಊಟಕ್ಕೇನು?

ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಲಾಂಗೋಷ್ ಎಂಬ ತಿಂಡಿ ಎಲ್ಲ ಕಡೆ ಸಿಗುತ್ತದೆ. ಹುದುಗು ಬಂದ ಮೈದಾ ಹಿಟ್ಟನ್ನು ಅಗಲಕ್ಕೆ ತಟ್ಟಿ ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್ ಹಾಕುತ್ತಾರೆ. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿದಂತೆ. ತಿಂದ ತಕ್ಷಣ ನೀರಿಗೆ ಇಳಿಯಬೇಡಿ. ಸೂಪುಗಳನ್ನು ನಂಬಬೇಡಿ, ತರಕಾರಿ ಸೂಪ್ ಎಂದು ಬರೆದಿದ್ದರೂ ಮಾಂಸ ಬೇಯಿಸಿದ ನೀರು ಬಳಸಿರಬಹುದು. ಅಡುಗೆಯೆಲ್ಲ ಕೆಂಪಗಿರುತ್ತದೆ, ಅದು ಪಾಪ್ರಿಕಾ ಪುಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ. ಅಡುಗೆಮನೆ ಇರುವ ಬಾಡಿಗೆ ರೂಮು ಹಿಡಿದು, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ದರೆ ಸಂಜೆಯ ಚಿಂತೆ ಇಲ್ಲ. ಹಾಲು, ತುಪ್ಪ, ಪೇಡೆ ಮಾತ್ರ ಒಯ್ಯಬೇಡಿ. ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ಬಿಡುವುದಿಲ್ಲ. ಧಾರವಾಡ ಪೇಡೆ ಕಸದ ಬುಟ್ಟಿಗೆ ಹೋಗುವುದನ್ನು ನೋಡಬೇಕಾ?

## ಆರೋಗ್ಯದ ಮಾತು

ನಮ್ಮ ಅವ್ವಗ ಮೊಣಕಾಲು ಬ್ಯಾನಿ ಐತಿ. ಆ ನೀರಾಗ ಕುಂತ್ರ ವಾಸಿ ಆಗ್ತದೇನ್ರಿ?

ನೋವು ಕಡಿಮೆ ಆಗಬಹುದು. ಸವೆದ ಮೆದುಮೂಳೆ ಮತ್ತೆ ಬೆಳೆಯುವುದಿಲ್ಲ. ನೀರಿನಲ್ಲಿ ಮೈ ಭಾರ ಇಳಿಯುತ್ತದೆ, ಕಾವಿಗೆ ಸ್ನಾಯು ಸಡಿಲ ಆಗುತ್ತದೆ, ಹಾಗಾಗಿ ಮಡಚಲು ಆಗದ ಕಾಲು ನೀರಿನಲ್ಲಿ ಮಡಚುತ್ತದೆ. ಹಂಗೇರಿಯ ವೈದ್ಯರು ಮಂಡಿ ಸವೆತ ಮತ್ತು ಸೊಂಟ ನೋವಿನ ಮೇಲೆ ಈ ನೀರಿನ ಪ್ರಯೋಗ ಮಾಡಿ, ನೋವು ತಗ್ಗಿದ್ದನ್ನು ಕಂಡಿದ್ದಾರೆ. ಆದರೆ ಅವು ಸಣ್ಣ ಗುಂಪಿನ ಪ್ರಯೋಗಗಳು, ವಾರಗಟ್ಟಲೆ ದಿನಾ ಸ್ನಾನ ಮಾಡಿಸಿದ್ದು. ಎರಡು ದಿನ ತೇಲಿ ಬಂದರೆ ಅಷ್ಟು ಫಲ ನಿರೀಕ್ಷಿಸಬೇಡಿ. ಅವ್ವನನ್ನು ಅಷ್ಟು ದೂರದ ವಿಮಾನದಲ್ಲಿ ಕೂರಿಸುವ ತ್ರಾಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಲಿನ ನೋವಿಗೆಂದೇ ಆದರೆ ಇಲ್ಲೇ ಒಳ್ಳೆಯ ಫಿಸಿಯೋಥೆರಪಿ ಮಾಡಿಸಿ, ಆ ದುಡ್ಡು ಉಳಿಯುತ್ತದೆ.

ಯಾರು ಇಳೀಬಾರದು?

ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಜ್ವರ ಅಥವಾ ಸೋಂಕು ಇರುವವರು, ಮೈಮೇಲೆ ತೆರೆದ ಗಾಯ ಇರುವವರು. ಶುಗರ್ ಇದ್ದವರು ಪಾದದಲ್ಲಿ ಗಾಯ ಇದೆಯಾ ಎಂದು ಮೊದಲು ನೋಡಿಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಇಳಿಯಬೇಡಿ. ಕುಡಿದು ಇಳಿಯುವುದಂತೂ ಬೇಡ. ಊರು ಬಿಡುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಅಲ್ಲಿಯೂ ಕೆರೆಗೆ ಅಂಟಿಕೊಂಡೇ ಸಂಧಿವಾತದ ಆಸ್ಪತ್ರೆ ಇದೆ, ಚಿಕಿತ್ಸೆ ಬೇಕಾದವರನ್ನು ಅಲ್ಲಿನ ವೈದ್ಯರು ನೋಡಿದ ಮೇಲೆಯೇ ಮುಂದಿನದ್ದು.

## ಇನ್ನೂ ಆಳಕ್ಕೆ

ಕುತ್ತಿಗೆಗೆ ಕಟ್ಟಿ ನೀರಾಗ ತೂಗು ಹಾಕ್ತಾರಂತ, ಖರೆನಾ?

ಖರೆ. ಅದಕ್ಕೆ ಭಾರಸ್ನಾನ ಅನ್ನಬಹುದು. ಕಾರೊಯ್ ಮೊಲ್ ಎಂಬ ವೈದ್ಯರು 1953ರಲ್ಲಿ ಹೇವೀಜಿನಲ್ಲೇ ಶುರು ಮಾಡಿದ್ದು. ಗದ್ದ ಮತ್ತು ತಲೆಯ ಹಿಂಭಾಗಕ್ಕೆ ಆಸರೆ ಕೊಟ್ಟು, ಇಲ್ಲವೇ ಕಂಕುಳಲ್ಲಿ ಆಸರೆ ಕೊಟ್ಟು, ಬೆಚ್ಚಗಿನ ನೀರಿನಲ್ಲಿ ನೇರ ತೂಗುಬಿಡುತ್ತಾರೆ. ಬೇಕಾದರೆ ಸೊಂಟಕ್ಕೋ ಕಾಲಿಗೋ ತೂಕ ಕಟ್ಟುತ್ತಾರೆ. ಬೆನ್ನುಮೂಳೆಯ ಮಣಿಗಳ ನಡುವಿನ ಒತ್ತಡ ಇಳಿಯಲಿ ಎಂದು. ವೈದ್ಯರು ಬರೆದುಕೊಡದೆ ಮಾಡುವುದಿಲ್ಲ. ನೋಡಲು ಹೆದರಿಕೆ ಆಗುತ್ತದೆ, ಮಾಡಿಸಿಕೊಂಡವರು ನಗುತ್ತಲೇ ಹೊರಬರುತ್ತಾರೆ.

ನೀರಿನಾಗ ವಿಕಿರಣ ಐತಿ ಅಂತ ಓದಿದೆ. ಅಪಾಯ ಇಲ್ಲೇನು?

ನೀರಿನಲ್ಲಿ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಅತಿ ಸ್ವಲ್ಪ ಇದೆ, ತಳದ ಕೆಸರಿನಲ್ಲೂ ತುಸು ವಿಕಿರಣ ಇದೆ. ಭೂಮಿಯ ಆಳದಿಂದ ಬರುವ ಬಿಸಿನೀರಿನಲ್ಲಿ ಇದು ಸಾಮಾನ್ಯ. ಕೆಲವು ದಿನದ ಮಟ್ಟಿಗೆ ದಿನಕ್ಕೆ ಅರ್ಧ-ಒಂದು ಗಂಟೆ ತೇಲುವವರಿಗೆ ಚಿಂತೆಯ ವಿಷಯ ಅಲ್ಲ. ಈ ಕೆರೆಯ ತಳ ಸಸ್ಯಗಳು ಕೊಳೆತು ಆದ ಮೆತ್ತನೆಯ ಕೆಸರು. ಅದನ್ನೇ ತೆಗೆದು ಸೊಂಟಕ್ಕೆ, ಮಂಡಿಗೆ ಹಚ್ಚುವ ಚಿಕಿತ್ಸೆಯೂ ಇದೆ.

ಗಣಿಗಾರಿಕೆಯಿಂದ ಕೆರಿ ಹಾಳಾಗ್ತಿತ್ತಂತ, ಏನದು?

ಕಪ್ಪತಗುಡ್ಡದ ಗಲಾಟೆ ಕಂಡ ಗದಗದವರು ಇದನ್ನು ಕೇಳದೆ ಬಿಡುವುದಿಲ್ಲ. ಹೇವೀಜಿನ ಈಶಾನ್ಯಕ್ಕೆ ನ್ಯಿರಾದ್ ಎಂಬಲ್ಲಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರಿನ ಗಣಿ ಇತ್ತು. ಅದಿರು ನೀರಿನ ಮಟ್ಟಕ್ಕಿಂತ ಕೆಳಗೆ. ಗಣಿ ಒಣಗಿಸಲು 1960ರ ದಶಕದಿಂದ ಅಂತರ್ಜಲವನ್ನು ಭಾರೀ ಪ್ರಮಾಣದಲ್ಲಿ ಪಂಪು ಮಾಡಿದರು. ಬೆಟ್ಟದೊಳಗಿನ ನೀರಿನ ದಾರಿ ಒಂದೇ ಆದ್ದರಿಂದ ಅಲ್ಲಿ ತೆಗೆದದ್ದು ಇಲ್ಲಿ ಕಡಿಮೆ ಆಯಿತು. ಕೆರೆಯ ಬುಗ್ಗೆಯ ಹರಿವು ಇಳಿಯಿತು, ಕೆರೆ ತಣ್ಣಗಾಗತೊಡಗಿತು. ವಿಜ್ಞಾನಿಗಳೂ ಜನರೂ ವರ್ಷಗಟ್ಟಲೆ ಕೂಗಿದ ಮೇಲೆ 1990ರಲ್ಲಿ ಆ ಪಂಪು ನಿಲ್ಲಿಸಿದರು. ಹರಿವು ಒಂದೇ ದಿನಕ್ಕೆ ಮರಳಲಿಲ್ಲ, ಬೆಟ್ಟದ ಹೊಟ್ಟೆ ಮತ್ತೆ ತುಂಬಲು ವರ್ಷಗಳೇ ಹಿಡಿದವು. ನೀರು ತೆಗೆದ ಜಾಗ ಒಂದು, ಬತ್ತಿದ ಜಾಗ ಇನ್ನೊಂದು ಅನ್ನುವುದು ನಮ್ಮ ಬೋರ್‌ವೆಲ್ ಕೊರೆಯುವವರಿಗೂ ಗೊತ್ತಿರುವ ಸಂಗತಿಯೇ.

ಆ ಕೆರ್‍ಯಾಗಿನ ಕೆಂಪು ಹೂವಿನ ಗಡ್ಡಿ ತರಬಹುದೇನ್ರಿ?

ತರುವಂತಿಲ್ಲ, ತರುವ ಅಗತ್ಯವೂ ಇಲ್ಲ. ಅದು ನಮ್ಮ ದೇಶದ್ದೇ ಕೆಂಪು ನೈದಿಲೆ. ಕೆಸ್ತ್‌ಹೇಯ್‌ನ ಪ್ರಾಧ್ಯಾಪಕ ಶಾಂದೋರ್ ಲೊವಾಶಿ 1898ರಲ್ಲಿ ಅದನ್ನು ಇಲ್ಲಿ ನೆಟ್ಟರು. ಯುರೋಪಿನ ಚಳಿಗೆ ಸಾಯಬೇಕಿದ್ದ ಗಿಡ, ಬೆಚ್ಚಗಿನ ನೀರು ಸಿಕ್ಕು ಬೇರೂರಿತು. ಈಗ ಊರಿನ ಲಾಂಛನದಲ್ಲೂ ಅದೇ ಹೂವು. ಕೆರೆ ರಕ್ಷಿತ ಪ್ರದೇಶ, ಒಂದು ಎಲೆ ಕೀಳುವುದೂ ತಪ್ಪು. ಮೇಲಾಗಿ ಪರದೇಶದಿಂದ ಜೀವಂತ ಗಿಡ ತರಲು ಭಾರತದಲ್ಲಿ ಮೊದಲೇ ಪರವಾನಗಿ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಮನೆಯ ತೊಟ್ಟಿಗೆ ಬೇಕಿದ್ದರೆ ಧಾರವಾಡದ ಯಾವುದಾದರೂ ನರ್ಸರಿಯಲ್ಲಿ ಕೆಂಪು ನೈದಿಲೆ ಗಡ್ಡೆ ಕೇಳಿ.